ಬೂಷ್ಟು ಗೋಡೆಯ ಈ ಕಡೆ ಇತ್ತು

"ಯಾರ ಡಬ್ಬ್ಯಾಗಿನ ಪಲ್ಯ ಹಳಸೇತ್ರೀ?"

ಸ್ಟಾಫ್ ರೂಮಿನೊಳಗೆ ಕಾಲಿಟ್ಟ ನಮ್ಮ ಹೆಡ್ ಮೇಡಂ ಮೂಗು ಮುಚ್ಚಿಕೊಂಡು ಕೇಳಿದರು. ಎಲ್ಲರೂ ತಮ್ಮ ತಮ್ಮ ಟಿಫಿನ್ ಡಬ್ಬಿ ತೆಗೆದು ಮೂಸಿದರು. ನಾನೂ ಮೂಸಿದೆ. ನನ್ನ ಬದನೆಕಾಯಿ ಪಲ್ಯ ಚೆನ್ನಾಗಿಯೇ ಇತ್ತು. ಪಕ್ಕದಲ್ಲಿದ್ದ ಹಿಂದಿ ಮೇಡಂ, ಪಾಪ, ಯಾವುದಕ್ಕೂ ಇರಲಿ ಎಂದು ತಮ್ಮ ಮೊಸರನ್ನ ಚೆಲ್ಲಿ ಬಂದರು. ವಾಸನೆ ಹೋಗಲಿಲ್ಲ. ಆಮೇಲೆ ಅವರೇ ನನ್ನ ಕಡೆ ಬಾಗಿ ಪಿಸುಗುಟ್ಟಿದರು: "ಅಕ್ಕಾ, ನಿಮ್ಮ ಸೀರಿ..."

ಸೆರಗು ಮೂಗಿಗೆ ಹಿಡಿದೆ. ಹೌದು. ನಾನೇ.

ಸಂಜೆ ಮನೆಗೆ ಬಂದವಳೇ ತಿಜೋರಿ ಎಳೆದು ನೋಡಿದೆ. (ನಮ್ಮ ಕಡೆ ಬಟ್ಟೆ ಇಡುವ ಕಬ್ಬಿಣದ ಕಪಾಟಿಗೂ ತಿಜೋರಿ ಎಂದೇ ಹೆಸರು. ಬಂಗಾರ ಇದೆ ಎಂದು ಮೋಸ ಹೋಗಬೇಡಿ.) ಹಿಂದಿನ ಗೋಡೆ ತುಂಬ ಬೂಷ್ಟು! ಕಪ್ಪು, ಹಸಿರು, ನಡುನಡುವೆ ಬೂದಿ ಬಣ್ಣ. ಮುಟ್ಟಿದರೆ ಬೆರಳಿಗೆ ತಣ್ಣಗೆ ಅಂಟಿತು. ಕೆಳಗಿನ ಖಾನೆಯಲ್ಲಿದ್ದ ನನ್ನ ಮದುವೆಯ ಧಾರೆ ಸೀರೆಯ ಮಡಿಕೆಯ ಮೇಲೂ ಬಿಳಿ ಚುಕ್ಕೆ. ಅಳು ಬಂತು. ಅಳುವಿಗಿಂತ ಮೊದಲು ಸಿಟ್ಟು ಬಂತು.

ನಾನು ವಿಜ್ಞಾನದ ಟೀಚರ್. ಈ ಮಾತನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ನಾವಿರುವುದು ಬನಹಟ್ಟಿಯಲ್ಲಿ, ಒಂದು ನೇಕಾರರ ಮನೆಯ ಮುಂಭಾಗದಲ್ಲಿ ಬಾಡಿಗೆಗೆ. ಎರಡು ಕೋಣೆ, ಒಂದು ಅಡುಗೆಮನೆ, ನಾವು ನಾಲ್ಕು ಮಂದಿ. ಹಿಂಭಾಗದಲ್ಲಿ ಮನೆಯ ಮಾಲಕಿ ಕಾಶವ್ವ, ಅವರ ಮಗ, ಸೊಸೆ. ಮಗ ಸೊಸೆ ಇಬ್ಬರೂ ಪವರ್‌ಲೂಮಿಗೆ ಕೆಲಸಕ್ಕೆ ಹೋಗುತ್ತಾರೆ. ಕಾಶವ್ವ ಮಾತ್ರ ತಮ್ಮ ಕುಣಿಮಗ್ಗ ಬಿಟ್ಟಿಲ್ಲ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವ ಮಗ್ಗ ಅದು. ನಮ್ಮ ಓಣಿಯಲ್ಲಿ ಉಳಿದಿರುವುದು ಅದೊಂದೇ. ಅವರ ಮಗ್ಗದ ಕೋಣೆಗೂ ನನ್ನ ತಿಜೋರಿಗೂ ನಡುವೆ ಒಂದೇ ಗೋಡೆ.

ಎಲ್ಲ ಊರುಗಳಲ್ಲಿ ಬಾಡಿಗೆಯವರು ಮಾಲೀಕರಿಗೆ ಹೆದರುತ್ತಾರೆ. ನಮ್ಮಲ್ಲಿ ಉಲ್ಟಾ. ನಾನು ಸಾಲಿ ಅಕ್ಕೋರು, ಮೇಲಾಗಿ ಪೇಪರಿನಲ್ಲಿ ಬರೆಯುವವಳು. ನಾನು ಎದುರು ಬಂದರೆ ಕಾಶವ್ವ ಎದ್ದು ನಿಲ್ಲುತ್ತಿದ್ದರು. ವಯಸ್ಸಿನಲ್ಲಿ ನನ್ನ ತಾಯಿಗಿಂತ ದೊಡ್ಡವರು. ಕೂಡ್ರಿ ಕಾಶವ್ವಾ ಎಂದು ಬಾಯಲ್ಲಿ ಹೇಳುತ್ತಿದ್ದೆ, ಒಳಗೊಳಗೆ ಹಿತವಾಗುತ್ತಿತ್ತು. ಈಗ ಇದನ್ನು ಬರೆಯುವಾಗ ಕಿವಿ ಬಿಸಿಯಾಗುತ್ತಿದೆ.

ಕಾಶವ್ವ ದಿನಾ ಬೆಳಿಗ್ಗೆ ಮಗ್ಗಕ್ಕೆ ಕೂಡುವ ಮೊದಲು ನೆಲಕ್ಕೆ ನೀರು ಚಿಮುಕಿಸುತ್ತಾರೆ. ಬಕೆಟ್ ಇಟ್ಟ ಸಪ್ಪಳ, ನೀರಿನ ಸಪ್ಪಳ, ಆಮೇಲೆ ಖಟ್ ಖಟ್. ಗೋಡೆಯ ಈ ಕಡೆ ಹಲ್ಲುಜ್ಜುತ್ತ ನಾನು ಎರಡು ವರ್ಷದಿಂದ ಕೇಳಿದ್ದೇನೆ.

ಸಿಕ್ಕಿತಲ್ಲ ಕಾರಣ! ನೆಲಕ್ಕೆ ನೀರು, ನೆಲದಿಂದ ಗೋಡೆಗೆ, ಗೋಡೆಯಿಂದ ನನ್ನ ಸೀರೆಗೆ. ಎರಡು ಎರಡು ನಾಲ್ಕು. ಆ ಕಡೆ ಹೋಗಿ ನೋಡುವುದೇನಿದೆ?

ಕಾಶವ್ವನನ್ನು ಅಂಗಳಕ್ಕೇ ಕರೆದೆ.

"ಕಾಶವ್ವಾ, ನೀವು ಆ ನೀರ ಹೊಡಿಯೂದು ಬಿಡಬೇಕ್ರಿ. ನನ್ನ ಗ್ವಾಡಿ ಎಲ್ಲಾ ಬೂಷ್ಟ ಹಿಡದೈತಿ."

(ನನ್ನ ಗ್ವಾಡಿ! ಗೋಡೆ ಅವರದು, ಮನೆ ಅವರದು. ನನ್ನದು ಬರೀ ಬೂಷ್ಟು.)

ಕಾಶವ್ವ ಗಾಬರಿಯಾದರು. "ಅಯ್ಯ ಅಕ್ಕೋರ, ನೀರ ಚಿಮುಕಸಲಿಲ್ಲಂದ್ರ ಎಳಿ ಹರೀತಾವ್ರಿ. ಥಂಡಿ ದಿನದಾಗ ಗಾಳಿ ಭಾಳ ಒಣಾ ಇರ್ತೈತಿ. ನೆಲ ಹಸಿ ಇದ್ರ ನೂಲು ಮೆತ್ತಗ ಇರ್ತೈತ್ರಿ."

"ಅದಕ್ಕ ನಮ್ಮ ಅರಿವಿ ಕೊಳಿಬೇಕೇನ್ರಿ?"

ಅವರು ಮೆಲ್ಲಗೆ ಹೇಳಿದರು: "ಮಮ್ಮಗಳು ಏಳ ತಿಂಗಳ ಬಸರಿ ಅದಾಳ್ರಿ. ಗಲಗಲ್ಯಾಗ, ಅಕಿ ಗಂಡನ ಮನ್ಯಾಗ ಕುಬುಸ ಇಟ್ಕೊಂಡಾರ. ಹಸರು ಸೀರಿ ನಾನ ನೇಯ್ದ ಉಡಸ್ತೀನಿ ಅಂತ ಮಾತ ಕೊಟ್ಟೇನಿ. ಅಕಿ ಅವ್ವಗೂ ನಾನ ನೇಯ್ದ ಉಡಸಿದ್ನಿ. ಇದೊಂದ ಸೀರಿ ಮಗ್ಗದಿಂದ ಇಳೀಲ್ರಿ ಅಕ್ಕೋರ. ಆಮ್ಯಾಲ ನೀವು ಹೆಂಗಂತೀರಿ ಹಂಗ."

ಬಸುರಿ ಹೆಣ್ಣುಮಗಳ ಕುಬುಸಕ್ಕೆ, ಅಂದರೆ ಸೀಮಂತಕ್ಕೆ, ತವರಿನ ಹಸಿರು ಸೀರೆ ಎಂದರೆ ನಮ್ಮ ಕಡೆ ಏನೆಂದು ನಿಮಗೆ ಬಿಡಿಸಿ ಹೇಳಬೇಕೆ? ನನಗೂ ಗೊತ್ತಿತ್ತು. ಆದರೂ ಏನೆಂದೆ ಗೊತ್ತೆ? "ನೋಡ್ರಿ ಮತ್ತ, ನಾ ಹೇಳೂದು ಹೇಳೇನಿ" ಎಂದು ಬಾಗಿಲು ಹಾಕಿಕೊಂಡೆ.

ಮರುದಿನವೂ ನೀರಿನ ಸಪ್ಪಳ. ಅದರ ಮರುದಿನವೂ.

ಆಗ ನಾನು ಮಾಡಿದ್ದನ್ನು ನೀವೆಲ್ಲ ಓದಿದ್ದೀರಿ. ಕಳೆದ ತಿಂಗಳು ಇದೇ ಅಂಕಣದಲ್ಲಿ "ಬಾಡಿಗೆಗೆ ಮನೆ, ಫ್ರೀಯಾಗಿ ಬೂಷ್ಟು" ಎಂದು ಬರೆದಿದ್ದೆನಲ್ಲ? "ನಮ್ಮ ಮಾಲಕಿ ಗಿಡಕ್ಕೆ ನೀರು ಹಾಕುವುದಿಲ್ಲ, ನೆಲಕ್ಕೆ ಹಾಕುತ್ತಾರೆ. ಫಸಲು ಮಾತ್ರ ನನ್ನ ಗೋಡೆಯ ಮೇಲೆ ಬರುತ್ತದೆ" ಎಂಬ ಸಾಲಿಗೆ ಎಷ್ಟು ಜನ ನಕ್ಕಿದ್ದಿರಿ! ವಾಟ್ಸಾಪ್ ಗ್ರೂಪುಗಳಲ್ಲಿ ಅದು ಜಮಖಂಡಿಗೆ ಹೋಗಿ, ಮುಧೋಳ ಸುತ್ತಿ, ಬೀಳಗಿಯಲ್ಲಿರುವ ನನ್ನ ತಂಗಿಯ ಕೈಯಿಂದ ನನಗೇ ವಾಪಸ್ ಬಂತು. ಕಾಶವ್ವನ ಹೆಸರು ಬರೆದಿರಲಿಲ್ಲ. ಕುಣಿಮಗ್ಗದ ಮನೆ ಎಂದು ಬರೆದಿದ್ದೆ. ಓಣಿಯಲ್ಲಿ ಇರುವುದೇ ಒಂದು ಕುಣಿಮಗ್ಗ, ಇನ್ನು ಹೆಸರು ಯಾಕೆ ಬೇಕು?

ಅಂಕಣ ಬಂದ ಮರುದಿನ ಬೆಳಿಗ್ಗೆ ನೀರಿನ ಸಪ್ಪಳ ನಿಂತಿತು.

"ನೋಡ್ರಿ, ಪೆನ್ನಿನ ತಾಕತ್ತು" ಎಂದು ಗಂಡನ ಮುಂದೆ ಕೊಚ್ಚಿಕೊಂಡೆ. ಅವರು ಚಹಾ ಕುಡಿಯುತ್ತ, "ಮಗ್ಗದ ಸಪ್ಪಳನೂ ಕಡಿಮಿ ಆಗೇತಲ್ಲ" ಎಂದರು. ಹೌದು, ಆಗಿತ್ತು. ನಾಲ್ಕು ಸಲ ಖಟ್ ಖಟ್, ಆಮೇಲೆ ಸುಮ್ಮನೆ. ಬಹಳ ಹೊತ್ತು ಸುಮ್ಮನೆ. ಮತ್ತೆ ಎರಡು ಸಲ ಖಟ್. ವಯಸ್ಸಾಯಿತು, ದಣಿವಾರಿಸಿಕೊಳ್ಳುತ್ತಾರೆ ಅಂದುಕೊಂಡೆ. ಹರಿದ ಎಳೆಗೆ ಎಳೆ ಹುಡುಕಿ ಗಂಟು ಹಾಕುತ್ತಿದ್ದಾರೆ ಎಂದು ಹೊಳೆಯಲೇ ಇಲ್ಲ. ನೇಕಾರರ ಊರಿನಲ್ಲಿ ಇಷ್ಟು ವರ್ಷ ಉಪ್ಪು ತಿಂದವಳಿಗೆ ಹೊಳೆಯಬಾರದಿತ್ತೆ?

ಮೂರು ವಾರ ಕಳೆದವು. ನೀರು ನಿಂತಿತ್ತು, ಬೂಷ್ಟು ನಿಂತಿರಲಿಲ್ಲ. ತಿಜೋರಿಯ ಹಿಂದಿನಿಂದ ಹೊರಟು ಮಂಚದ ತಲೆದೆಸೆಗೆ ಬಂದು, ಛಾವಣಿಯ ಮೂಲೆ ಹತ್ತಿತು. ಮತ್ತೆ ಹೋಗಿ ದೂರಿದೆ. ಕಾಶವ್ವ ಎದುರು ಮಾತಾಡದೆ ಮರುದಿನವೇ ಗಾರೆ ಕೆಲಸದ ಒಬ್ಬ ಗೌಂಡಿಯನ್ನು ಕರೆತಂದರು.

ಗೌಂಡಿ ಗೋಡೆ ತಟ್ಟಿದ, ಮುಟ್ಟಿದ, ಬೂಷ್ಟು ಕೆರೆದು ನೋಡಿದ. ಆಮೇಲೆ ಛಾವಣಿಯ ಮೂಲೆ ತೋರಿಸಿ ಕೇಳಿದ.

"ಅಕ್ಕೋರ, ಇದು ರಸ್ತಾದ ಕಡಿ ಗ್ವಾಡಿ. ಇಲ್ಲಿ ಯಾರ ಮಗ್ಗ ಐತ್ರಿ?"

ಅವನು ತಲೆ ಎತ್ತಿದ. ನಾನೂ ಎತ್ತಿದೆ.

ಕಿಟಕಿಯ ಸರಳಿನಿಂದ ಬಾಗಿಲ ಚೌಕಟ್ಟಿನ ತನಕ ಮೂರು ಹಗ್ಗ. ಹಗ್ಗದ ತುಂಬ ನಾಲ್ಕು ಮಂದಿಯ ಹಸಿ ಬಟ್ಟೆ. ನನ್ನ ಸೀರೆಯ ಅಂಚಿನಿಂದ ಇನ್ನೂ ಹನಿ ಬೀಳುತ್ತಿತ್ತು. ಕಿಟಕಿ ಗಟ್ಟಿಯಾಗಿ ಮುಚ್ಚಿತ್ತು.

ಕಾರಣ ಹೇಳಿದರೆ ನಮ್ಮ ಸೀಮೆಯವರಿಗೆ ತಕ್ಷಣ ಅರ್ಥವಾಗುತ್ತದೆ. ಕಬ್ಬು ನುರಿಸುವ ಹಂಗಾಮು ಶುರುವಾದರೆ ಗಾಳಿಯಲ್ಲಿ ಸಕ್ಕರೆ ಕಾರ್ಖಾನೆಯ ಕರಿಬೂದಿ. ಮಾಳಿಗೆಯ ಮೇಲೆ ಬಟ್ಟೆ ಒಣಹಾಕಿದರೆ ಮೈತುಂಬ ಕಪ್ಪು ಚುಕ್ಕೆ. ಉಳಿದವರೆಲ್ಲ ಹೊರಗೇ ಹಾಕಿ, ಝಾಡಿಸಿ ಉಟ್ಟುಕೊಳ್ಳುತ್ತಾರೆ. ಕಾಶವ್ವನೂ ಅಷ್ಟೇ. ನಾನು ಹಾಗಲ್ಲವಲ್ಲ! ಅಕ್ಕೋರ ಸೀರೆಯ ಮೇಲೆ ಚುಕ್ಕೆ ಬೀಳಬಾರದು. ಅದಕ್ಕೇ ಹಂಗಾಮು ಶುರುವಾದ ದಿನದಿಂದ ಮಲಗುವ ಕೋಣೆಯೇ ನನ್ನ ಮಾಳಿಗೆ. ಬೂದಿ ಒಳಗೆ ಬಾರದಿರಲಿ ಎಂದು ಕಿಟಕಿಯೂ ಬಂದ್.

"ಗ್ವಾಡಿಗೆ ನೀರ ಆ ಕಡಿಂದ ಬಂದಿಲ್ರಿ. ನೀವ ದಿನಾ ಕುಡಸಾಕತ್ತೀರಿ" ಎಂದ ಗೌಂಡಿ. ನಗಲಿಲ್ಲ. ನಕ್ಕಿದ್ದರೆ ನನಗೆ ಸಿಟ್ಟು ಮಾಡಲಿಕ್ಕಾದರೂ ಬರುತ್ತಿತ್ತು.

ನೀರು ಆವಿಯಾಗುತ್ತದೆ. ಆವಿ ತಣ್ಣನೆಯ ಮೈ ತಾಗಿದರೆ ಮತ್ತೆ ನೀರಾಗುತ್ತದೆ. ತೇವ, ಕತ್ತಲು, ಗಾಳಿಯಾಡದ ಜಾಗ ಸಿಕ್ಕರೆ ಬೂಷ್ಟು ಬೆಳೆಯುತ್ತದೆ. ಇದು ನಾನು ವರ್ಷಾ ವರ್ಷ ಮಾಡುವ ಪಾಠ. ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಚಿತ್ರ ಬರೆಯುತ್ತೇನೆ. ಹಸಿ ಬ್ರೆಡ್ ಚೂರನ್ನು ಡಬ್ಬಿಯಲ್ಲಿ ಮುಚ್ಚಿಟ್ಟು ಬೂಷ್ಟು ಬರಿಸಿ ಮಕ್ಕಳಿಗೆ ತೋರಿಸುತ್ತೇನೆ. ಮನೆಗೆ ಬಂದು ಅದೇ ಡಬ್ಬಿಯೊಳಗೆ ಮಲಗುತ್ತೇನೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ನನ್ನಂಥವರನ್ನು ನೋಡಿಯೇ ಹೇಳಿದ್ದು.

ಗೌಂಡಿ ಆ ಕಡೆಯ ಗೋಡೆಯನ್ನೂ ನೋಡುತ್ತೇನೆ ಎಂದ. ಅವನ ಹಿಂದೆ ನಾನೂ ಹೋದೆ. ನನ್ನ ಬಾಗಿಲಿನಿಂದ ಮಗ್ಗದ ಕೋಣೆಗೆ ಹನ್ನೊಂದು ಹೆಜ್ಜೆ. ಎರಡು ವರ್ಷದಲ್ಲಿ ನಾನು ಅಲ್ಲಿಗೆ ಹೋದದ್ದು ಅದೇ ಮೊದಲು.

ಗೋಡೆ ಮುಟ್ಟಿದೆ. ಅಂಗೈಗೆ ಒಣ ಸುಣ್ಣ ಹತ್ತಿತು. ಒಂದೂ ಕಲೆ ಇಲ್ಲ. ಬಾಗಿಲು, ಕಿಟಕಿ ಎಲ್ಲ ತೆರೆದೇ ಇದ್ದವು, ಗಾಳಿ ಆಡುತ್ತಿತ್ತು.

ಮಗ್ಗದ ಮೇಲೆ ಹಸಿರು ಸೀರೆ ಅರ್ಧಕ್ಕೇ ನಿಂತಿತ್ತು. ಮೊದಲ ಎರಡು ಮೊಳ ಎಷ್ಟು ನುಣುಪು! ಅಲ್ಲಿಂದ ಮುಂದೆ ಗಂಟೇ ಗಂಟು. ನುಣುಪು ಮುಗಿದು ಗಂಟು ಶುರುವಾದ ಜಾಗವನ್ನು ಬೆರಳಿಟ್ಟು ತೋರಿಸಬಹುದಿತ್ತು. ಅದು ನನ್ನ ಅಂಕಣ ಬಂದ ಮರುದಿನ.

"ಕುಬುಸ ಯಾವಾಗ್ರಿ ಕಾಶವ್ವಾ?" ಕೇಳಿದೆ.

"ಆತಲ್ರಿ. ಹ್ವಾದ ಸೋಮವಾರ."

"ಸೀರಿ?"

"ಅಂಗಡ್ಯಾಗಿಂದ ಒಯ್ದ್ನಿರಿ. ಹಸರ ಐತೋ ಇಲ್ಲೋ, ಆತು ಬಿಡ್ರಿ." ಆಮೇಲೆ ಗಂಟುಗಳ ಮೇಲೆ ಕೈಯಾಡಿಸುತ್ತ, "ಇದರಾಗ ಕೂಸಿನ ತಲಿಗೆ ಕುಂಚಗಿ ಹೊಲಿಬೇಕಂತ ಮಾಡಿದ್ನಿ. ಗಂಟ ಚುಚ್ಚತಾವೇನೋ ಅಂತ ಬಿಟ್ಟೆ" ಎಂದರು.

ತಪ್ಪಾಯಿತು ಎಂದೆ. ಬೂಷ್ಟು ನನ್ನ ಒದ್ದೆ ಬಟ್ಟೆಯಿಂದ, ನಿಮ್ಮ ನೀರಿನಿಂದಲ್ಲ ಎಂದು ಬಿಡಿಸಿ ಹೇಳಿದೆ. ಗೌಂಡಿಯ ಎದುರಿಗೇ ಹೇಳಿದೆ. ಬೈಯುತ್ತಾರೆ ಎಂದು ಕಾದೆ. ನಿಜ ಹೇಳಬೇಕೆಂದರೆ ಬೈಯಲಿ ಎಂದು ಆಸೆಪಟ್ಟೆ. ನಾಲ್ಕು ಮಾತು ಬೈಸಿಕೊಂಡು ಹಗುರಾಗಿ ಮನೆಗೆ ಬರಬಹುದಿತ್ತು.

ಕಾಶವ್ವ ನನ್ನನ್ನೇ ನೋಡಿದರು. "ಖರೇ ಏನ್ರಿ? ನನ್ನ ನೀರಿಂದ ಅಲ್ಲಾ?"

"ಅಲ್ರೀ."

"ಕಿರಾಣಿ ಅಂಗಡ್ಯಾಗ ಯಾರೋ ಪೇಪರ ಓದಿ ಹೇಳಿದ್ರು. ಎಲ್ಲಾರೂ ನಕ್ಕರು. ನಗ್ಲಿ ಬಿಡ್ರಿ. ಆದ್ರ ನೀವು ಸಾಲಿ ಕಲಸವ್ರು, ಪೇಪರದಾಗ ಬರದೀರಿ ಅಂದ್ಮ್ಯಾಗ ಖರೇನ ಇರಬೇಕು ಅಂತ ನೀರ ಬಿಟ್ನಿ. ನಲವತ್ತ ವರ್ಷ ನೀರ ಹೊಡದು ಈ ಮನಿ ಗ್ವಾಡಿ ನಾನ ಕೆಡಿಸಿಬಿಟ್ನಲ್ಲ, ಅತ್ತಿ ಮಾವ ಕಟ್ಟಿದ ಮನಿ ಅಂತ ನಿದ್ದಿ ಬರವಲ್ದಾಗಿತ್ರಿ ಅಕ್ಕೋರ."

ನಾನು ಹೆದರಿಸಿದ್ದಕ್ಕೆ ನೀರು ಬಿಟ್ಟಿದ್ದಾರೆ ಅಂದುಕೊಂಡಿದ್ದೆ. ಇಲ್ಲ. ಅವರು ನನ್ನನ್ನು ನಂಬಿ ಬಿಟ್ಟಿದ್ದರು.

ಮರುದಿನ ಬೆಳಿಗ್ಗೆ ಗೋಡೆಗೆ ಕಿವಿಗೊಟ್ಟು ನಿಂತೆ. ನೀರಿನ ಸಪ್ಪಳ ಬರಲಿಲ್ಲ. ಅನುಮಾನ ಒಮ್ಮೆ ಹೊಕ್ಕರೆ ಹೋಗುವುದು ತಡ. ಕೊನೆಗೆ ನಾನೇ ಬಕೆಟ್ ತುಂಬಿಕೊಂಡು ಹೋಗಿ ನೆಲಕ್ಕೆ ಚೆಲ್ಲಿದೆ. "ಅಯ್ಯಯ್ಯ, ಚೆಲ್ಲಬ್ಯಾಡ್ರೀ! ಕೈಲೆ ಚಿಮುಕಸ್ಬೇಕು, ಹಿಂಗ" ಎಂದು ಕಾಶವ್ವ ಬಕೆಟ್ ಕಸಿದುಕೊಂಡರು. (ಪಾಠ ಮಾಡಿಸಿಕೊಳ್ಳುವ ಕಷ್ಟ ನನಗೆ ಅವತ್ತು ಗೊತ್ತಾಯಿತು.) ಈಗ ನನ್ನ ಬಟ್ಟೆ ಮಾಳಿಗೆಯ ಮೇಲೆ ಒಣಗುತ್ತವೆ. ಝಾಡಿಸಿ ಉಡುತ್ತೇನೆ. ನಿನ್ನೆ ಹಿಂದಿ ಮೇಡಂ ನನ್ನ ಹೆಗಲ ಮೇಲಿನ ಕಪ್ಪು ಚುಕ್ಕೆ ತೋರಿಸಿದರು. ಇರಲಿ ಬಿಡ್ರಿ ಎಂದೆ.

ಗೋಡೆಯ ಬೂಷ್ಟು ಕೆರೆದು, ಸುಣ್ಣ ಬಳಿಸಿದೆ. ಹೋಯಿತು. ಧಾರೆ ಸೀರೆಯ ಚುಕ್ಕೆ ಬಿಸಿಲಿಗೆ ಹಾಕಿ ಉಜ್ಜಿದರೆ ಮಾಸಬಹುದು. ಗಲಗಲಿಯಲ್ಲಿ ಅಜ್ಜಿ ನೇಯದ ಸೀರೆ ಉಟ್ಟು ಕುಬುಸ ಮಾಡಿಸಿಕೊಂಡ ಹುಡುಗಿಗೆ ಆ ದಿನ ಮತ್ತೆ ಬರುತ್ತದೆಯೆ? ಅದಕ್ಕೆ ಯಾವ ಸುಣ್ಣ ಬಳಿಯಲಿ?

ಈ ಬರಹವನ್ನು ಪೇಪರಿಗೆ ಕಳಿಸುವ ಮೊದಲು ಕಾಶವ್ವನ ಮುಂದೆ ಕೂತು ಪೂರ್ತಿ ಓದಿದೆ, ಕುಬುಸದ ಮಾತು ಬರೆಯಲು ಅವರ ಒಪ್ಪಿಗೆಯನ್ನೂ ಕೇಳಿದೆ. ಹೂಂ ಅಂದರು. ಕುಣಿಯಲ್ಲಿ ಕಾಲು ಇಳಿಬಿಟ್ಟು, ಲಾಳಿ ಕೈಯಲ್ಲಿ ಹಿಡಿದು ಸುಮ್ಮನೆ ಕೇಳಿಸಿಕೊಂಡಿದ್ದರು. ಓದಿ ಮುಗಿಸಿದ ಮೇಲೆ ಒಂದೇ ಪ್ರಶ್ನೆ ಕೇಳಿದರು. ಅದನ್ನು ನಿಮಗೆ ದಾಟಿಸುತ್ತಿದ್ದೇನೆ.

"ಅದನ್ನ ಓದಿ ನಕ್ಕವ್ರೆಲ್ಲಾ ಇದನ್ನೂ ಓದ್ತಾರೇನ್ರಿ ಅಕ್ಕೋರ?"