ಡಬ್ಬದ ಅಂಚಿಗೆ ಮೂರು ಪೆಟ್ಟು

ಪೇಂಟರಣ್ಣ ಆ ಕೇಂದ್ರಕ್ಕೆ ಮೊದಲು ಹೋದದ್ದು ಗೋಡೆಗೆ ಬಣ್ಣ ಹೊಡೆಯಲಿಕ್ಕೆ, ಪ್ರಾಣಿ ಸಾಕಲಿಕ್ಕಲ್ಲ. ಊರಾಚೆ ನದಿಗೆ ಬೆನ್ನು ಹಾಕಿ ನಿಂತ ಉದ್ದನೆಯ ಕಟ್ಟಡ ಅದು. ತಾಯಿ ಸತ್ತ ಮರಿಗಳು, ರಸ್ತೆಯಲ್ಲಿ ಪೆಟ್ಟು ತಿಂದವು, ತಂತಿಗೋ ಬಲೆಗೋ ಸಿಕ್ಕಿಕೊಂಡವು, ಇಂಥ ಕಾಡುಪ್ರಾಣಿಗಳನ್ನು ತಂದು ಆರೈಕೆ ಮಾಡಿ ಮತ್ತೆ ಅವುಗಳ ಜಾಗಕ್ಕೆ ಬಿಡುತ್ತಿದ್ದರು. ಹನ್ನೊಂದು ದಿನದ ಕೆಲಸ. ಹತ್ತನೆಯ ದಿನ ಪೇಂಟರಣ್ಣ ಏಣಿಯಿಂದ ಬಿದ್ದು ಮಂಡಿ ಮುರಿದುಕೊಂಡ. ಪ್ರಾಣಿಗಳ ಡಾಕ್ಟರಮ್ಮನೇ ಓಡಿ ಬಂದು ಕಾಲಿಗೆ ಪಟ್ಟಿ ಕಟ್ಟಿದರು. ಜಿಂಕೆಗೆ ಕಟ್ಟುವ ಪಟ್ಟಿ ನನಗೆ ಕಟ್ಟಿದರು ಎಂದು ಅವನು ಈಗಲೂ ಹೇಳಿಕೊಳ್ಳುತ್ತಾನೆ, ನಗುವವರು ಕಡಿಮೆಯಾಗಿದ್ದಾರೆ ಅಷ್ಟೆ.

ಮೂವತ್ತು ವರ್ಷ ಏಣಿ ಹತ್ತಿ ಬದುಕಿದವನು ಇನ್ನು ಏಣಿ ಹತ್ತುವಂತಿಲ್ಲ ಎಂದಾಯಿತು. ಮನೆಯಲ್ಲಿ ಹೆಂಡತಿಯ ಹೊಲಿಗೆ ಯಂತ್ರದ ಪಕ್ಕ ಎರಡು ತಿಂಗಳು ಕೂತ. ಅವಳು ಹೊಲಿಯುವ ಒಂದೊಂದು ರವಿಕೆಗೂ ಬಣ್ಣದ ವಿಚಾರದಲ್ಲಿ ಮೂಗು ತೂರಿಸಿದ. ಮೂರನೆಯ ತಿಂಗಳು ಅವಳೇ ಡಾಕ್ಟರಮ್ಮನ ಬಳಿ ಹೋಗಿ, "ಅಮ್ಮಾ, ಇವರಿಗೆ ಏನಾದ್ರೂ ಕೆಲಸ ಕೊಡಿ. ಇಲ್ದಿದ್ರೆ ನಾನೇ ಒಂದಿನ ಇವರನ್ನ ಕಾಡಿಗೆ ಬಿಟ್ಟು ಬರ್ತೀನಿ" ಎಂದಳು. ಹಾಗೆ ಪೇಂಟರಣ್ಣ ಮರಿಗಳಿಗೆ ಉಣಿಸುವ ಕೆಲಸಕ್ಕೆ ಸೇರಿದ.

ಸೇರಿದ ದಿನವೇ ಬಾಯಿಗೆ ಬೀಗ ಬಿತ್ತು. ಕೇಂದ್ರದ ನಿಯಮ ಹಾಗೆ. ಮರಿಗಳ ಕೋಣೆಗೆ ಹೋಗುವವರು ತಲೆಯಿಂದ ಕಾಲಿನವರೆಗೆ ಬೂದು ಬಣ್ಣದ ಗೋಣಿಯಂಥ ಅಂಗಿ ಹಾಕಬೇಕು, ಮುಖ ಕಾಣಬಾರದು, ಮಾತಾಡಬಾರದು, ಮೈ ಸವರಬಾರದು, ಹೆಸರಿಡಬಾರದು. ಮರಿಗಳಿಗೆ ಅಂಕಿ ಮಾತ್ರ. ಗೋಡೆಯ ಜೊತೆಗೂ ಮಾತಾಡುತ್ತಾ ಬಣ್ಣ ಹೊಡೆಯುತ್ತಿದ್ದ ಪೇಂಟರಣ್ಣನಿಗೆ ಇದು ಅನ್ನ ಬಿಟ್ಟಷ್ಟು ಕಷ್ಟ.

"ಮುದ್ದು ಮಾಡ್ಬೇಡಿ ಅಂತಲ್ಲ ಅಣ್ಣಾ," ಎಂದು ಡಾಕ್ಟರಮ್ಮ ಬಿಡಿಸಿ ಹೇಳಿದರು. "ಮನುಷ್ಯ ಅಂದ್ರೆ ಊಟ ಅಂತ ಒಂದ್ಸಲ ಗೊತ್ತಾಯ್ತು ಅಂದ್ರೆ ಮುಗೀತು. ಹೊರಗೆ ಹೋದ್ಮೇಲೂ ಮನುಷ್ಯರ ಹತ್ರಾನೇ ಹೋಗತ್ತೆ. ಒಬ್ಬ ಬಿಸ್ಕತ್ ಕೊಡ್ತಾನೆ, ಇನ್ನೊಬ್ಬ ದೊಣ್ಣೆ ತಗೋತಾನೆ."

ಪೇಂಟರಣ್ಣ ತಲೆಯಾಡಿಸಿದ. ಕೆಲಸ ಅಂದರೆ ಕೆಲಸ. ನಾಲ್ಕು ವರ್ಷ ಒಂದು ಮಾತೂ ಆಡದೆ ಮುಂಗುಸಿ, ಮುಳ್ಳುಹಂದಿ, ಎರಡು ಗೂಬೆ, ಒಂದು ಕಾಡುಬೆಕ್ಕು ಎಲ್ಲವನ್ನೂ ದಾಟಿಸಿದ.

ಆಮೇಲೆ ಹದಿನೇಳು ಬಂತು.

ಅದೊಂದು ನೀರುನಾಯಿಯ ಮರಿ. ತಾಯಿ ಯಾರೋ ಬಿಸಾಕಿದ ಹಳೆಯ ಬಲೆಯಲ್ಲಿ ಸುತ್ತಿಕೊಂಡು ಸತ್ತಿತ್ತು. ಮರಿಯನ್ನು ಕಂಡವರು ಪಾಪ ಎಂದು ಮನೆಗೆ ಒಯ್ದು, ಮೂರು ದಿನ ಹಸುವಿನ ಹಾಲು ಕುಡಿಸಿ, ಹೊಟ್ಟೆ ಕೆಡಿಸಿ, ಇನ್ನೇನು ಸಾಯುತ್ತದೆ ಎಂದಾಗ ತಂದುಕೊಟ್ಟರು. ಎತ್ತಿಕೊಂಡು ಹೋಗುವ ಮೊದಲು ಒಂದು ಫೋನ್ ಮಾಡಿ ಎಂದು ಡಾಕ್ಟರಮ್ಮ ಊರಿಗೆಲ್ಲ ಚೀಟಿ ಹಂಚಿದ್ದರು. ಚೀಟಿ ಅವರ ಮನೆಯಲ್ಲೂ ಇತ್ತಂತೆ, ಫ್ರಿಜ್ಜಿನ ಮೇಲೆ. ಒಳ್ಳೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ, ಮಾಡಿಕೊಳ್ಳದೆ ಇರುವುದೂ ಕಷ್ಟ.

ಡಾಕ್ಟರಮ್ಮ ಮೊದಲೇ ಲೆಕ್ಕ ಹೇಳಿಬಿಟ್ಟರು. ಒಂದು ವರ್ಷದೊಳಗೆ ಮರಿ ತಾನೇ ಮೀನು ಹಿಡಿಯಲು ಕಲಿಯಬೇಕು, ಮನುಷ್ಯರನ್ನು ಕಂಡರೆ ಓಡಬೇಕು. ಹಾಗಾದರೆ ನದಿ. ಆಗದಿದ್ದರೆ ಸಿಮೆಂಟಿನ ತೊಟ್ಟಿ, ಸಾಯುವವರೆಗೆ. ನಡುವೆ ಇನ್ನೊಂದು ದಾರಿ ಇಲ್ಲ.

ಆ ವರ್ಷ ಪೇಂಟರಣ್ಣ ನದಿಗಾಗಿ ದುಡಿದ. ಮೊದಲು ಅಡ್ಡ ಕಟ್ಟಿದ ಕಂಬಳಿಯ ತೂತಿನಿಂದ ಬಾಟಲಿಯ ಹಾಲು. ಆಮೇಲೆ ಬಕೆಟ್ಟಿನಿಂದ ಇಕ್ಕಳದಲ್ಲಿ ಮೀನು ಎತ್ತಿ, ನೀರು ಕೊಡವಿ, ಮರೆಯಿಂದ ಚಾಚುವುದು. ಆಮೇಲೆ ತೊಟ್ಟಿಯಲ್ಲಿ ಜೀವಂತ ಮೀನು. ಕೊನೆಗೆ ಕಟ್ಟಡದ ಹಿಂದೆ ಬೇಲಿ ಹಾಕಿದ ಸಣ್ಣ ತೊರೆ. ಹದಿನೇಳು ಮೊದಲ ಸಲ ತಾನೇ ಮೀನು ಹಿಡಿದ ದಿನ ಅವನು ಗೋಣಿ ಅಂಗಿಯೊಳಗೆ ಬಾಯಿಗೆ ಕೈ ಅಡ್ಡ ಹಿಡಿದು ಅತ್ತ. ಕೆಮ್ಮು ಬಂದರೂ ಹೊರಗೆ ಓಡಿಹೋಗಿ ಕೆಮ್ಮುತ್ತಿದ್ದ. ಮನೆಗೆ ಬಂದರೂ ಮಾತು ಕಡಿಮೆಯಾಗಿತ್ತು. "ಅಲ್ಲಿ ಸುಮ್ಮನಿರೋದು ಸರಿ, ಇಲ್ಲಾದ್ರೂ ಏನಾದ್ರೂ ಒದರಿ. ನಂಗೆ ಮನೆ ಬಿಕೋ ಅನ್ಸತ್ತೆ" ಎಂದು ಹೆಂಡತಿ ಗೊಣಗಿದಳು. ಬಾಯಿ ಮುಚ್ಚಿಸಲು ಇಪ್ಪತ್ತೈದು ವರ್ಷ ಹೆಣಗಿದವಳು ಅವಳೇ.

ಪರೀಕ್ಷೆ ನಡೆಯಿತು. ಅಪರಿಚಿತರು ಆರು ಜನ ತೊರೆಯ ಪಕ್ಕ ಮಾತಾಡುತ್ತಾ, ನಗುತ್ತಾ, ಮೀನು ತೋರಿಸುತ್ತಾ ಓಡಾಡಿದರು. ಹದಿನೇಳು ಬಂಡೆಯ ಕೆಳಗೆ ನುಗ್ಗಿ ಹಲ್ಲು ಕಿರಿದು ಗುರುಗುಟ್ಟಿತು. ಅದು ಗುರುಗುಟ್ಟಿದ್ದಕ್ಕೆ ಪೇಂಟರಣ್ಣನಿಗಾದ ಸಂತೋಷ ಅಷ್ಟಿಷ್ಟಲ್ಲ. ಮುಂದಿನ ವಾರ ಊರಿನಿಂದ ದೂರ, ನದಿಯ ಮೇಲ್ಭಾಗದಲ್ಲಿ ಪೆಟ್ಟಿಗೆಯ ಬಾಗಿಲು ತೆಗೆದರು. ಅದು ಹಿಂದಿರುಗಿ ನೋಡಲೂ ಇಲ್ಲ. ಸೀದಾ ನೀರಿಗೆ ಇಳಿಯಿತು, ಹೋಯಿತು. ಹೊಟ್ಟೆ ತಣ್ಣಗಾಯಿತು ಎಂದು ಅವನು ಅವತ್ತು ಮನೆಯಲ್ಲಿ ಎಷ್ಟು ಮಾತಾಡಿದನೆಂದರೆ ಹೆಂಡತಿ ಹೊಲಿಗೆ ನಿಲ್ಲಿಸಿ ಕೇಳಬೇಕಾಯಿತು.

ಇಪ್ಪತ್ತೆರಡು ದಿನಕ್ಕೆ ಫೋನ್ ಬಂತು. ನದಿಯ ಕೆಳಭಾಗದಲ್ಲಿ ದೋಣಿ ರಿಪೇರಿ ಮಾಡುವ ಅಂಗಳದಲ್ಲಿ ಒಂದು ನೀರುನಾಯಿ ಹಗಲಲ್ಲೇ ದಡಕ್ಕೆ ಬಂದು ಕೂರುತ್ತಿದೆ, ಜನ ಮೀನು ತಿನ್ನಿಸುತ್ತಿದ್ದಾರೆ ಎಂದು.

"ಬೇರೆ ಯಾವ್ದಾದ್ರೂ ಇರತ್ತೆ ಬಿಡಿ," ಎಂದ ಪೇಂಟರಣ್ಣ. "ನಮ್ಮದು ಮನುಷ್ಯರನ್ನ ಕಂಡ್ರೆ ಆಗದ ಪ್ರಾಣಿ."

ಡಾಕ್ಟರಮ್ಮನ ಜೊತೆ ಹೋಗಿ ನೋಡಿದ. ಕಿವಿಯ ಬಳಿಯ ಬಿಳಿ ಮಚ್ಚೆ ಸಮೇತ ಹದಿನೇಳೇ. ಅಂಗಳದಿಂದ ನೀರಿಗೆ ಇಳಿಯುವ ಮೆಟ್ಟಿಲ ಮೇಲೆ ಮುಂಗಾಲು ಎತ್ತಿ ನಿಂತಿತ್ತು. ಡಾಕ್ಟರಮ್ಮನಿಗೆ ನಂಬಲಾಗಲಿಲ್ಲ. ಪರೀಕ್ಷೆ ಸರಿಯಾಗಿಯೇ ಆಗಿತ್ತು. ಯಾರೂ ಒಂದು ಮಾತು ಆಡಿರಲಿಲ್ಲ, ಮುಖ ತೋರಿಸಿರಲಿಲ್ಲ. ಹಾಗಾದರೆ ಎಲ್ಲಿ ತಪ್ಪಿತು?

ಅಂಗಳದಲ್ಲಿ ಮೂರು ಜನ ದೋಣಿಗೆ ಬಣ್ಣ ಹೊಡೆಯುತ್ತಿದ್ದರು. ಅವರಲ್ಲಿ ಹಿರಿಯ ಬ್ರಷ್ಷನ್ನು ಡಬ್ಬದಲ್ಲಿ ಅದ್ದಿ ಎತ್ತಿದ. ಹೆಚ್ಚಿನ ಬಣ್ಣ ಇಳಿದು ಹೋಗಲೆಂದು ಡಬ್ಬದ ಅಂಚಿಗೆ ತಟ್ಟಿದ. ಟಕ್, ಟಕ್, ಟಕ್. ಹದಿನೇಳು ತಟ್ಟನೆ ಅವನ ಕಡೆ ತಿರುಗಿ ಇನ್ನೊಂದು ಮೆಟ್ಟಿಲು ಮೇಲೆ ಬಂತು.

ಪೇಂಟರಣ್ಣ ತನ್ನ ಬಲಗೈಯನ್ನು ನೋಡಿಕೊಂಡ. ಮೂವತ್ತು ವರ್ಷ ಆ ಕೈ ದಿನಕ್ಕೆ ಸಾವಿರ ಸಲ ಅದ್ದಿದೆ, ಎತ್ತಿದೆ, ಅಂಚಿಗೆ ಮೂರು ಸಲ ತಟ್ಟಿದೆ. ಬ್ರಷ್ ಬಿಟ್ಟು ಇಕ್ಕಳ ಹಿಡಿದಾಗ ಕೈ ಅದನ್ನು ಬಿಟ್ಟಿರಲಿಲ್ಲ. ಬಕೆಟ್ಟಿನಿಂದ ಮೀನು ಎತ್ತಿದಾಗಲೆಲ್ಲ ನೀರು ಕೊಡವಲು ಅದರ ಅಂಚಿಗೆ ಮೂರು ಪೆಟ್ಟು. ವರ್ಷವಿಡೀ ಬಾಯಿಯ ಮೇಲೆ ಕಣ್ಣಿಟ್ಟು ಕಾದವನು ಕೈಯ ಕಡೆ ನೋಡಿರಲೇ ಇಲ್ಲ. ಬೇರೆ ಯಾರು ಉಣಿಸಿದ್ದರೂ ಹೀಗಾಗುತ್ತಿರಲಿಲ್ಲ.

"ಡಾಕ್ಟರಮ್ಮಾ," ಎಂದ. "ನಾನೇ. ನಾನು ಮಾತಾಡಿದ್ದೀನಿ ಅದರ ಜೊತೆ. ದಿನಾ ಮಾತಾಡಿದ್ದೀನಿ."

ಅವರು ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ. "ಇನ್ನೂ ಒಂದು ತಿಂಗಳು ನೋಡೋಣ," ಎಂದರು. "ಯಾರೂ ತಿನ್ನಿಸದಿದ್ರೆ, ಯಾರೂ ಕರೀದಿದ್ರೆ, ಮರೆತು ಹೋಗಬಹುದು. ಆದ್ರೆ ಯಾರೂ ಅಂದ್ರೆ ಯಾರೂ."

ಪೇಂಟರಣ್ಣ ತಿನ್ನಿಸಬೇಡಿ, ತಟ್ಟಬೇಡಿ ಎಂದು ಕೇಳಿಕೊಳ್ಳುತ್ತಾ ಕುಂಟುಗಾಲಲ್ಲಿ ದಡದ ಮನೆ ಮನೆ ಹತ್ತಿಳಿದ. ಅಂಗಳದ ಪೇಂಟರುಗಳು ಅವನ ಕಸುಬಿನವರೇ, ಕೇಳಿ ಮರುಗಿದರು. ಬ್ರಷ್ ತಟ್ಟುವುದು ಬಿಟ್ಟು ಬಟ್ಟೆಗೆ ಒರೆಸಲು ಶುರು ಮಾಡಿದರು. ಅರ್ಧ ಗಂಟೆಗೊಮ್ಮೆ ಯಾರದಾದರೂ ಕೈ ಮರೆತು ತಟ್ಟುತ್ತಿತ್ತು, ತಟ್ಟಿದವನು ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ಎರಡೇ ದಿನಕ್ಕೆ ಬಣ್ಣ ಸೋರಿ ದೋಣಿಯ ಮೈಯೆಲ್ಲ ಗೆರೆ ಗೆರೆಯಾಯಿತು. ದೋಣಿಯವನು ಬಂದು ಕೂಗಾಡಿದ. ಆದರೂ ಅವರು ದೋಣಿಯನ್ನು ಅಂಗಳದ ಆ ತುದಿಗೆ ಎಳೆದುಕೊಂಡು ಹೋಗಿ ಕೆಲಸ ಮಾಡಿದರು. ಅಷ್ಟು ಮಾಡುವ ಜನ ಎಷ್ಟು ಸಿಗುತ್ತಾರೆ?

ಆದರೆ ಅಷ್ಟರಲ್ಲಿ ಗುಟ್ಟು ಊರಿಗೆಲ್ಲ ಗೊತ್ತಾಗಿತ್ತು. ಏನಾದರೂ ಮೂರು ಸಲ ತಟ್ಟಿದರೆ ನೀರುನಾಯಿ ಬರುತ್ತದೆ! ಯಾರೋ ವಿಡಿಯೋ ಹಾಕಿದರು. ಸಂಜೆಯಾದರೆ ಸಾಕು, ಜನ ಊಟದ ಡಬ್ಬಿ, ಚಮಚ, ಬೀಗದ ಕೈ, ಸಿಕ್ಕಿದ್ದೆಲ್ಲ ಹಿಡಿದು ಮೆಟ್ಟಿಲ ಮೇಲೆ ಸಾಲಾಗಿ ಕೂತು ತಟ್ಟತೊಡಗಿದರು. ಹದಿನೇಳು ಎಲ್ಲರ ಬಳಿಗೂ ಹೋಯಿತು. ಬ್ರೆಡ್ಡು ತಿಂದಿತು, ಕೇಕು ತಿಂದಿತು.

ಪೇಂಟರಣ್ಣ ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಹೂಡಿದ. ತಗಡಿನ ಮೇಲೆ ದೊಡ್ಡ ಫಲಕ ಬರೆದ. ಕರೆಯಬೇಡಿ, ತಿನ್ನಿಸಬೇಡಿ, ಕಾಡುಪ್ರಾಣಿ ಕಾಡುಪ್ರಾಣಿಯಾಗಿಯೇ ಇರಲಿ. ಪಕ್ಕದಲ್ಲಿ ನೀರುನಾಯಿಯ ಚಿತ್ರ, ಮೀಸೆಯ ಒಂದೊಂದು ಕೂದಲೂ ಎಣಿಸುವ ಹಾಗೆ. ಮೂರು ದಿನ ತಿದ್ದಿ ತೀಡಿದ. ಫಲಕ ನೆಟ್ಟ ಸಂಜೆಯೇ ಜನ ಅದರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಚಿತ್ರ ಅಷ್ಟು ಚೆನ್ನಾಗಿ ಬಂದದ್ದೇ ತಪ್ಪಾಯಿತು.

"ದಯವಿಟ್ಟು ಕೊಡ್ಬೇಡಿ ಅಮ್ಮಾ," ಎಂದು ಒಬ್ಬ ಹೆಂಗಸಿನ ಮುಂದೆ ಕೈಮುಗಿದ.

"ಅಯ್ಯೋ, ನಾವೇನು ಅದಕ್ಕೆ ಹೊಡೀತಿದ್ದೀವಾ? ನಮಗೂ ಅದರ ಮೇಲೆ ಪ್ರೀತಿ ಕಣ್ರೀ," ಎಂದಳು ಅವಳು. "ಅಷ್ಟಕ್ಕೂ ನೀವ್ಯಾರು ಹೇಳೋಕೆ?"

ಪೇಂಟರಣ್ಣ ಮುಗಿದ ಕೈ ಇಳಿಸದೆ ಪಕ್ಕದಲ್ಲಿ ಕೂತವರ ಕಡೆ ತಿರುಗಿದ.

ನಾಲ್ಕನೆಯ ವಾರ ಹದಿನೇಳರ ತುಟಿಗೆ ಗಾಳದ ಕೊಕ್ಕೆ ಸಿಕ್ಕಿ ಹರಿಯಿತು. ನೋವಿನಲ್ಲಿದ್ದ ಅದಕ್ಕೆ ಯಾರೋ ಬ್ರೆಡ್ಡು ಚಾಚಿದರು, ಬೆರಳು ಕಚ್ಚಿತು. ಅಷ್ಟೇ. ನಿನ್ನೆಯವರೆಗೆ ಮುದ್ದು ಎನ್ನುತ್ತಿದ್ದವರೇ ಇದನ್ನು ಹಿಡಿದುಕೊಂಡು ಹೋಗಿ, ಇಲ್ಲವೇ ನಾವೇ ಏನಾದರೂ ಮಾಡುತ್ತೇವೆ ಎಂದು ಕೇಂದ್ರಕ್ಕೆ ಫೋನ್ ಮಾಡಿದರು. ಡಾಕ್ಟರಮ್ಮ ಪೇಂಟರಣ್ಣನನ್ನು ಕೂರಿಸಿಕೊಂಡು ಹೇಳಿದರು. "ನಾಳೆ ಹನ್ನೊಂದಕ್ಕೆ ವ್ಯಾನ್ ತಗೊಂಡು ಬರ್ತೀನಿ ಅಣ್ಣಾ. ಇನ್ನು ನನ್ನ ಕೈಲಿಲ್ಲ. ಅಲ್ಲೇ ಬಿಟ್ರೆ ಸಾಯಿಸ್ತಾರೆ."

"ತೊಟ್ಟಿನಾ?"

"ತೊಟ್ಟಿನೇ."

ಮರುದಿನ ಬೆಳಿಗ್ಗೆ ಎಂಟಕ್ಕೇ ಪೇಂಟರಣ್ಣ ಮೆಟ್ಟಿಲ ಬಳಿ ಬಂದ. ಮೂರು ಗಂಟೆ ಹೊತ್ತಿತ್ತು. ಅಷ್ಟರೊಳಗೆ ಅದು ಹೆದರಿ ಓಡಿಹೋದರೆ, ಊರೇ ಬೇಡ ಎನ್ನುವಷ್ಟು ದೂರ ಓಡಿಹೋದರೆ, ವ್ಯಾನ್ ಖಾಲಿ ಹೋಗುತ್ತದೆ. ಅವನ ತಲೆಗೆ ಹೊಳೆದದ್ದು ಅದೊಂದೇ. ಗೋಣಿ ಅಂಗಿ ಇಲ್ಲ, ಬಕೆಟ್ಟಿಲ್ಲ. ಮುಖ ತೋರಿಸಿಕೊಂಡು ನಿಂತ, ಬಾಯಿ ಬಿಟ್ಟು ಕೂಗಿದ.

"ಹೋಗು! ಹಾಳಾಗಿ ಹೋಗು! ಇಲ್ಲಿ ಬರಬೇಡ!"

ಹದಿನೇಳು ನೀರಿನಿಂದ ತಲೆ ಎತ್ತಿ ನೋಡಿತು. ಅವನು ಒಂದು ಬೆಣಚುಕಲ್ಲು ಎತ್ತಿ ಎಸೆದ. ಪಕ್ಕದಲ್ಲಿ ಬಿತ್ತು. ನೀರುನಾಯಿಗಳಿಗೆ ಕಲ್ಲೆಂದರೆ ಆಟ. ಅದು ಮುಳುಗಿ, ಕಲ್ಲನ್ನು ಹೆಕ್ಕಿ ತಂದು, ಅಂಗಾತ ಮಲಗಿ ಎದೆಯ ಮೇಲೆ ಉರುಳಿಸಿಕೊಳ್ಳತೊಡಗಿತು. ಅವನು ಇನ್ನೊಂದು ಎಸೆದ, ಮತ್ತೊಂದು ಎಸೆದ. ಎಲ್ಲವೂ ಆಟವೇ ಆಯಿತು. ಪೇಂಟರಣ್ಣನಿಗೆ ಅಳು ಒತ್ತರಿಸಿ ಬಂತು, ಸಿಟ್ಟೂ ಬಂತು. ಮುಷ್ಟಿ ಗಾತ್ರದ ಕಲ್ಲೊಂದನ್ನು ಎತ್ತಿ, ಈ ಸಲ ಗುರಿಯಿಟ್ಟು ಹೊಡೆದ.

ಹೆಗಲಿಗೆ ತಾಗಿತು. ಅದು ಕಿರ್ರೆಂದು ಕಿರುಚಿ ಮುಳುಗಿತು. ನೀರು ಅಲ್ಲಾಡಿತು, ನಿಂತಿತು. ಒಂದು ನಿಮಿಷ ಕಳೆಯಿತು, ಎರಡಾಯಿತು. ಪೇಂಟರಣ್ಣ ಕೈಕೈ ಹಿಸುಕಿಕೊಂಡು ನದಿಯ ಆ ದಡವನ್ನೇ ನೋಡಿದ. ಹೋಯಿತು ಎಂದುಕೊಂಡ. ಕಣ್ಣಲ್ಲಿ ನೀರು, ಆದರೂ ಮನಸ್ಸಿನೊಳಗೆ ಹೋಗು ಕಂದಾ, ಹೋಗು ಎನ್ನುತ್ತಿದ್ದ.

ಅದು ಈ ದಡದಲ್ಲೇ ಮೇಲೆ ಬಂತು. ಒಂದು ಕಾಲು ಎಳೆಯುತ್ತಾ ಮೆಟ್ಟಿಲು ಹತ್ತಿ, ಅವನ ಚಪ್ಪಲಿಯ ಪಕ್ಕ ಕೂತು, ಹೆಗಲಿನ ರಕ್ತ ನೆಕ್ಕಿಕೊಳ್ಳತೊಡಗಿತು.

ತನ್ನ ಗುರುತು ಹಿಡಿದು ಬಂತು ಎಂದು ಅಂದುಕೊಳ್ಳುವಂತಿದ್ದರೆ ಅವನಿಗೆ ಅಷ್ಟಾದರೂ ಸಮಾಧಾನ ಇರುತ್ತಿತ್ತು. ಹಾಗೂ ಇಲ್ಲ. ಈ ಮುಖವನ್ನು ಅದು ಕಂಡದ್ದು ಈ ಒಂದು ತಿಂಗಳಲ್ಲಿ, ಗುಂಪಿನ ನಡುವೆ. ಈ ದನಿಯನ್ನು ಹತ್ತಿರದಿಂದ ಕೇಳಿದ್ದು ಇವತ್ತೇ, ಅದೂ ಬೈಗುಳವಾಗಿ. ಆ ಜಾಗದಲ್ಲಿ ಯಾರು ನಿಂತು ಕಲ್ಲು ಹೊಡೆದಿದ್ದರೂ ಅದು ಹೀಗೇ ಬಂದು ಕೂರುತ್ತಿತ್ತು.

ಪೇಂಟರಣ್ಣ ಮುರಿದ ಮಂಡಿಯನ್ನು ಚಾಚಿಕೊಂಡು ಮೆಟ್ಟಿಲ ಮೇಲೆ ಕೂತ. ಮೊದಲ ಸಲ ಅದರ ಬೆನ್ನ ಮೇಲೆ ಕೈಯಿಟ್ಟ. ಅದು ಸುಮ್ಮನಿತ್ತು. ಹನ್ನೊಂದಕ್ಕೆ ಡಾಕ್ಟರಮ್ಮ ಬಲೆ ಹಿಡಿದು ಇಳಿದು ಬಂದರು. ಬಲೆ ಬೇಕಾಗಲಿಲ್ಲ.