ಹಲಗೆಯ ಮೇಲಿನ ಬೊಟ್ಟು

ಮಾಲವಿಕಾಗೆ ಭಯ ಹುಟ್ಟಿನಿಂದಲೇ ಬಂದದ್ದು. ಮನೆಗೆ ಬೀಗ ಹಾಕಿ, ಎಳೆದು ನೋಡಿ, ಬೀದಿ ತಿರುವಿನಿಂದ ವಾಪಸು ಬಂದು ಮತ್ತೆ ಎಳೆದು ನೋಡುವವಳು. ಇಂಥವಳು ಮಂಡಿ ಮೊಹಲ್ಲಾದ ಹೈಸ್ಕೂಲಿನಲ್ಲಿ ವಿಜ್ಞಾನದ ಅತಿಥಿ ಶಿಕ್ಷಕಿ. ಅತಿಥಿ ಅಂದಮೇಲೆ ಎಂದಾದರೂ ಎದ್ದು ಹೋಗಬೇಕಾದವರೇ ತಾನೆ! ದಸರಾ ರಜೆ ಮುಗಿದ ಬೆಳಿಗ್ಗೆಯೇ ಹೆಡ್‌ಮಿಸ್ ಸರೋಜಮ್ಮ ಕರೆದು, “ಇವತ್ತು ನಿಮ್ಮ ಕ್ಲಾಸಲ್ಲಿ ಕೂತ್ಕೋತೀನಿ ಕಣಮ್ಮ. ನೋಡ್ಬುಟ್ಟು, ನಿಮ್ಮನ್ನ ಮುಂದುವರಿಸೋದಾ ಬೇಡ್ವಾ ಹೇಳ್ತೀನಿ” ಅಂದಿದ್ದರು.

ಪಾಠಕ್ಕೆ ಬೇಕಾಗಿದ್ದುದು ಒಂದು ಉಕ್ಕಿನ ಗುಂಡು, ನಡುವೆ ಕಾಲುವೆಯಂತೆ ಕೊರೆದ ಒಂದು ಹಲಗೆ. ಲ್ಯಾಬಿನಲ್ಲಿ ಹಲಗೆ ಎತ್ತಿಕೊಂಡರೆ ಕಾಲುವೆಯ ಮಧ್ಯದಲ್ಲೇ ಅರಿಸಿನ ಕುಂಕುಮದ ದಪ್ಪ ಬೊಟ್ಟು ಒಣಗಿ ಗಟ್ಟಿಯಾಗಿತ್ತು. ರಜೆಗೆ ಮುಂಚಿನ ಆಯುಧಪೂಜೆಯಲ್ಲಿ ಸರೋಜಮ್ಮನವರೇ ಕೈಯಾರೆ ಗ್ಲೋಬು, ತಕ್ಕಡಿ, ಹಲಗೆ ಒಂದನ್ನೂ ಬಿಡದೆ ಬೊಟ್ಟು ಇಟ್ಟಿದ್ದರು. ಒರೆಸಲು ಹೋದ ಮಾಲವಿಕಾ ಕೈ ಹಿಂದಕ್ಕೆಳೆದುಕೊಂಡಳು. ದೊಡ್ಡವರು ಇಟ್ಟ ಬೊಟ್ಟು. ಅದನ್ನು ಇಂಥ ದಿನ ಅಳಿಸುವುದೇ? ಕಣ್ಣಿಗೊತ್ತಿಕೊಂಡು ಹಾಗೇ ಹೊತ್ತು ತಂದಳು. ವಿಜ್ಞಾನ ಓದಿದವಳ ಬುದ್ಧಿ ನೋಡಿ!

ಒಂಬತ್ತನೇ ತರಗತಿ. ಹಿಂದಿನ ಬೆಂಚಿನಲ್ಲಿ ಸರೋಜಮ್ಮ. ಮಾಲವಿಕಾ ಹಲಗೆಯನ್ನು ಪುಸ್ತಕಗಳಿಗೆ ಓರೆಯಾಗಿ ಒರಗಿಸಿ, ಬುಡದಲ್ಲಿ ಬೆಂಕಿಪೊಟ್ಟಣ ಇಟ್ಟಳು. ಬೊಟ್ಟಿನ ಕೆಳಗಿನಿಂದ ಬಿಟ್ಟ ಗುಂಡು ಉರುಳಿ ಪೊಟ್ಟಣವನ್ನು ತುಸು ತಳ್ಳಿತು.

“ಎತ್ತರ ಹೆಚ್ಚಿದಷ್ಟೂ ಪ್ರಚ್ಛನ್ನ ಶಕ್ತಿ ಜಾಸ್ತಿ. ಉರುಳಿದಾಗ ಅದೇ ಚಲನ ಶಕ್ತಿ ಆಗುತ್ತೆ. ಈಗ ಮೇಲಿಂದ ಬಿಡ್ತೀನಿ, ಪೊಟ್ಟಣ ಇನ್ನೂ ದೂರ ಹೋಗುತ್ತೆ.”

ಬಿಟ್ಟಳು. ಗುಂಡು ಬೊಟ್ಟಿನವರೆಗೆ ಬಂದು ಗಕ್ಕನೆ ನಿಂತಿತು. ಮತ್ತೆ ಬಿಟ್ಟಳು, ಮತ್ತೆ ನಿಂತಿತು. ಮಕ್ಕಳು ಕಿಸಕ್ಕನೆ ನಕ್ಕರು. ಮುಂದಿನ ಬೆಂಚಿನ ಮಾನಸ ಎದ್ದು ಕೇಳಿದಳು: “ಮಿಸ್, ಮೇಲಿಂದ ಬಿಟ್ರೆ ಶಕ್ತಿ ಜಾಸ್ತಿ ಅಂದ್ರಿ. ಮತ್ತೆ ಯಾಕೆ ನಿಂತ್ಬುಡ್ತು?”

ಮಾಲವಿಕಾ ಬೊಟ್ಟನ್ನು ನೋಡಿದಳು. ನಿಜ ಹೇಳಿದರೆ ತಪ್ಪು ಹೆಡ್‌ಮಿಸ್ ತಲೆಗೆ ಬರುತ್ತದೆ, ತನ್ನ ಕೆಲಸ ಹೋಗುತ್ತದೆ. ಹೇಳದಿದ್ದರೆ ಈ ಹುಡುಗಿ ಪಾಠವೇ ಸುಳ್ಳು ಅಂದುಕೊಳ್ಳುತ್ತಾಳೆ.

“ದಾರೀಲಿ ತಡೆ ಇದೆ,” ಎಂದಳು. “ಮೇಡಂ ಇಟ್ಟ ಬೊಟ್ಟು. ಬೆಳಿಗ್ಗೇನೇ ನೋಡ್ದೆ. ಒರೆಸೋಕೆ ಹೆದರಿದೆ.”

ಕರ್ಚೀಫು ಒದ್ದೆ ಮಾಡಿ ಉಜ್ಜಿದಳು. ಮೇಲಿನಿಂದ ಗುಂಡು ಬಿಟ್ಟಳು. ಅದು ಸರ್ರನೆ ಇಳಿದು ಗುದ್ದಿದ ರಭಸಕ್ಕೆ ಪೊಟ್ಟಣ ಮೇಜು ದಾಟಿ ನೆಲಕ್ಕೆ ಬಿತ್ತು.

ಸರೋಜಮ್ಮ ಎದ್ದು ಬಂದರು. ಕೆಂಪಾದ ಕರ್ಚೀಫನ್ನೇ ನೋಡಿದರು. “ಅದನ್ನ ಕಸದ ಬುಟ್ಟಿಗೆ ಹಾಕ್ಬೇಡಿ. ಹಿಂಡಿ, ನೀರನ್ನ ಗಿಡಕ್ಕೆ ಹಾಕಿ.” ಬಾಗಿಲಲ್ಲಿ ನಿಂತು, “ನಾಳೆ ಬಂದು ಮಿಕ್ಕಿದ್ದೆಲ್ಲಾನೂ ಒರೆಸಿಡಿ. ನಂಗೂ ಕೈ ಬರಲ್ಲ ಕಣಮ್ಮ,” ಎಂದರು.

ಬೀಗ ಎಳೆದು ನೋಡುವವಳು ಅಷ್ಟಕ್ಕೇ ಬಿಟ್ಟಾಳೆಯೇ? ಹಿಂದೆಯೇ ಓಡಿದಳು.

“ಮೇಡಂ, ನಾಳೇನೂ ಬನ್ನಿ ಅಂದ್ರಾ?”