ಆಡಿದ್ದನ್ನೇ ಬರೆದ ನಡವಳಿ

ಪಟ್ಟಣ ಸಭೆಯ ಹದಿಮೂರು ಜನ ಸದಸ್ಯರಲ್ಲಿ ಶುರು ಮಾಡಿದ ವಾಕ್ಯವನ್ನು ನೆಟ್ಟಗೆ ಮುಗಿಸಬಲ್ಲವರು ಒಬ್ಬರೂ ಇರಲಿಲ್ಲ. ಊರಿಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ನಡವಳಿಯಮ್ಮನಿಗೆ ಮಾತ್ರ. ಇಪ್ಪತ್ತಾರು ವರ್ಷದಿಂದ ಸಭಾಂಗಣದ ಮೂಲೆಯ ಮೇಜಿಗೆ ಕೂತು, ಯಾರು ಏನು ಒದರಿದರೂ ಶೀಘ್ರಲಿಪಿಯಲ್ಲಿ ಗೀಚಿಕೊಂಡು, ಮರುದಿನ ಅದನ್ನು ಮನುಷ್ಯರ ಭಾಷೆಗೆ ತಂದು ಟೈಪು ಮಾಡುವುದು ಆಕೆಯ ಕೆಲಸ. ಸಭೆಯಲ್ಲಿ ನಡೆದದ್ದರ ಆ ದಾಖಲೆಗೆ ನಡವಳಿ ಎನ್ನುತ್ತಾರೆ. ಆಕೆಯ ನಿಜವಾದ ಹೆಸರನ್ನು ಸಂಬಳದ ಪಟ್ಟಿ ಬಿಟ್ಟರೆ ಬೇರೆಲ್ಲರೂ ಮರೆತಿದ್ದರು.

ಕಟ್ಟಿಗೆ ಮಿಲ್ಲಿನ ಯಜಮಾನರು ಎದ್ದು ನಿಂತು, "ಅದೇನೋ ಅಂತಾರಲ್ರೀ, ಅದು, ಅದನ್ನ ಬೇಗ ಮುಗಿಸ್ರಿ, ಹೊಟ್ಟೆ ಚುರುಗುಟ್ತಿದೆ" ಅಂದರೆ, ಆಕೆ ಬರೆಯುತ್ತಿದ್ದದ್ದು: "ವಿಷಯದ ತುರ್ತನ್ನು ಮಾನ್ಯ ಸದಸ್ಯರು ಸಭೆಯ ಗಮನಕ್ಕೆ ತಂದರು." ಔಷಧಿ ಅಂಗಡಿಯವರೂ ಡ್ರೈವಿಂಗ್ ಸ್ಕೂಲಿನ ಒಡತಿಯೂ ಒಬ್ಬರಿಗೊಬ್ಬರು ಬಾಯಿಗೆ ಬಂದಂತೆ ಬೈದಾಡಿ, ಒಬ್ಬರ ಫೈಲು ಇನ್ನೊಬ್ಬರ ಮೇಲೆ ಹಾರಿದರೆ, "ಆರೋಗ್ಯಕರ ಚರ್ಚೆ ನಡೆಯಿತು." ಅಬ್ಬಬ್ಬಾ, ಏನು ಆರೋಗ್ಯ! ಹಲ್ಲು ಕಡಿದುಕೊಂಡು ಬರೆಯುತ್ತಿದ್ದಳು. ಆದರೆ ಸೊಗಸಾಗಿ ಬರೆಯುತ್ತಿದ್ದಳು. ಅವರನ್ನು ಕಂಡರೆ ಎಷ್ಟು ತಾತ್ಸಾರವೋ, ತನ್ನ ವಾಕ್ಯಗಳ ಮೇಲೆ ಅಷ್ಟೇ ಹೆಮ್ಮೆ. ಈ ಮೂರು ಕಾಸಿನ ಜನಕ್ಕೆ ಮರ್ಯಾದೆಯ ಅಂಗಿ ತೊಡಿಸಿ ಊರಿನೆದುರು ನಿಲ್ಲಿಸುವವಳು ತಾನು ಎಂದು ಮನಸ್ಸಿನಲ್ಲೇ ಬೀಗುತ್ತಿದ್ದಳು.

ಸಭೆಗೊಂದು ನಿಯಮವಿತ್ತು. ಈ ಸಭೆಯ ನಡವಳಿಯನ್ನು ಮುಂದಿನ ಸಭೆಯಲ್ಲಿ ಗಟ್ಟಿಯಾಗಿ ಓದಬೇಕು. ಯಾರ ಆಕ್ಷೇಪಣೆಯೂ ಇಲ್ಲದೆ ಅಧ್ಯಕ್ಷರು ಸಹಿ ಹಾಕಿದರೆ ಮಾತ್ರ ಠರಾವುಗಳು ಜಾರಿಗೆ ಬರುತ್ತವೆ, ಒಂದು ಪ್ರತಿ ಹೊರಗಿನ ಬೋರ್ಡಿಗೆ ಹೋಗುತ್ತದೆ. ಆಕೆ ಓದುವಾಗ ಯಾರೂ ಕೇಳುತ್ತಿರಲಿಲ್ಲ. ಕೆಲವರು ಫೋನು ತೀಡುತ್ತಿದ್ದರು, ಕೆಲವರು ಉಗುರು ನೋಡಿಕೊಳ್ಳುತ್ತಿದ್ದರು. ಓದು ಮುಗಿದದ್ದು ಗೊತ್ತಾಗುತ್ತಿದ್ದದ್ದೇ ಫ್ಯಾನಿನ ಸದ್ದು ಜೋರಾಗಿ ಕೇಳಿಸಿದಾಗ. ಆಗ ಎಲ್ಲರೂ ಕೈ ಎತ್ತುತ್ತಿದ್ದರು.

ಮನೆಯಲ್ಲಿ ಆಕೆಗೆ ಇದ್ದವಳು ತಂಗಿಯೊಬ್ಬಳೇ. ಹೊಲಿಗೆ ಕಲಿಸುತ್ತಿದ್ದವಳು, ಬಾಯಿ ಜೋರು, ನಗು ಇನ್ನೂ ಜೋರು. ಮೂರು ವರ್ಷದ ಹಿಂದೆ ಎರಡು ಕಿಡ್ನಿಯೂ ಕೈ ಕೊಟ್ಟವು. ಅಂದಿನಿಂದ ಮಂಗಳವಾರ, ಶುಕ್ರವಾರ ಪಟ್ಟಣದ ಆಸ್ಪತ್ರೆಯ ಹಿಂಬದಿಯ ಕೋಣೆಯಲ್ಲಿ ನಾಲ್ಕು ನಾಲ್ಕು ಗಂಟೆ ಮಲಗಿ ರಕ್ತ ತೊಳೆಸಿಕೊಳ್ಳಬೇಕು. ಆ ಡಯಾಲಿಸಿಸ್ ಕೋಣೆಯನ್ನು ನಡೆಸುತ್ತಿದ್ದದ್ದು ಪಟ್ಟಣ ಸಭೆ. ಅದು ಬಿಟ್ಟರೆ ಬಸ್ಸಿನಲ್ಲಿ ಮೂರು ಗಂಟೆ ದೂರದ ದೊಡ್ಡ ಆಸ್ಪತ್ರೆ, ಇಲ್ಲಿಗಿಂತ ನಾಲ್ಕು ಪಟ್ಟು ಫೀಸು. ಈ ಕೋಣೆಯಿಂದ ಬಸ್ ನಿಲ್ದಾಣದ ತನಕ ನಡೆಯುವಷ್ಟರಲ್ಲೇ ತಂಗಿ ಎರಡು ಕಡೆ ಕೂರುತ್ತಿದ್ದಳು. ವಾರಕ್ಕೆ ಎರಡು ಸಲ ಆ ದಾರಿ ತಡೆದುಕೊಳ್ಳುವ ಮೈಯಲ್ಲ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಕೋಣೆ ಇದ್ದರೆ ತಂಗಿ ಇದ್ದಾಳೆ, ಕೋಣೆ ಹೋದರೆ ತಂಗಿಯೂ ಹೋದಳು, ಅಷ್ಟೇ ಲೆಕ್ಕ.

ಆ ತಿಂಗಳ ಸಭೆಯಲ್ಲಿ ಚರ್ಚೆಗೆ ಮೂರು ವಿಷಯಗಳಿದ್ದವು. ಮೊದಲನೆಯದು ಆ ಕೋಣೆಯ ಖರ್ಚು.

"ಎರಡು ಮೆಷಿನ್ನು, ಹನ್ನೊಂದು ಜನ" ಅಂದರು ಔಷಧಿ ಅಂಗಡಿಯವರು. "ಹನ್ನೊಂದು ಜನಕ್ಕೋಸ್ಕರ ಇಡೀ ಊರು ಖರ್ಚು ಹೊರಬೇಕಾ? ವಾಸಿಯಾದ್ರೂ ಆಗ್ತಾರಾ? ಮತ್ತೆ ಮತ್ತೆ ಬರ್ತಾನೇ ಇರ್ತಾರೆ!"

ಗಿರಾಕಿ ಮತ್ತೆ ಮತ್ತೆ ಬರುವುದು ಅವರ ಅಂಗಡಿಗಾದರೆ ಭಾಗ್ಯ, ಆಸ್ಪತ್ರೆಗಾದರೆ ಅಪರಾಧ. ನಡವಳಿಯಮ್ಮನ ಪೆನ್ಸಿಲ್ ಒಂದು ಕ್ಷಣ ನಿಂತು ಮತ್ತೆ ಓಡಿತು.

ಮಿಲ್ಲಿನವರು ಕಣ್ಣು ಬಿಟ್ಟರು. "ಹೌದ್ರೀ. ಈಗ ಎಲ್ಲಾ ಇಂಟರ್ನೆಟ್‌ನಲ್ಲೇ ಆಗತ್ತೆ. ಪಾಠ ಆಗತ್ತೆ, ಗಂಡು ಹೆಣ್ಣು ನೋಡೋದಾಗತ್ತೆ. ರಕ್ತ ತೊಳೆಯೋದು ಯಾಕಾಗಲ್ಲ? ಆ ದುಡ್ಡಲ್ಲಿ ಕೇಬಲ್ ಎಳೆಸಿ ಬಿಸಾಕಿ."

ಯಾರಾದರೂ ನಗುತ್ತಾರೇನೋ ಎಂದು ಆಕೆ ತಲೆ ಎತ್ತಿದಳು. ಒಬ್ಬರೂ ನಗಲಿಲ್ಲ. "ಒಳ್ಳೇ ಪಾಯಿಂಟು" ಎಂದು ಅಧ್ಯಕ್ಷರು ತಲೆಯಾಡಿಸಿದರು. ಆಮೇಲೆ ಗಡಿಯಾರ ನೋಡಿ, "ಸಾಯೋರು ಹೇಗೂ ಸಾಯ್ತಾರೆ. ಬೇಗ ಕೈ ಎತ್ರಿ, ನನಗೆ ಇನ್ನೊಂದು ಕಡೆ ಹೋಗೋದಿದೆ" ಅಂದರು. ಹದಿಮೂರು ಕೈ ಎದ್ದವು. ಮುಂದಿನ ತಿಂಗಳು ನಡವಳಿಗೆ ಸಹಿ ಬಿದ್ದ ದಿನವೇ ಕೋಣೆಗೆ ಬೀಗ. ಒಂಬತ್ತು ನಿಮಿಷದಲ್ಲಿ ಮುಗಿಯಿತು.

ಎರಡನೆಯದು ಇಂಟರ್ನೆಟ್ ಕೇಬಲ್. ಇದಕ್ಕೆ ಒಂದೂವರೆ ಗಂಟೆ ಬೇಕಾಯಿತು, ಯಾಕೆಂದರೆ ಮೊದಲು ಯಾರ ಬೀದಿ ಅಗೆಯಬೇಕು ಎಂಬ ಘನವಾದ ಪ್ರಶ್ನೆ ಇತ್ತು. ಅಧ್ಯಕ್ಷರು ತಮ್ಮ ಬೀದಿ ಅಂದರು, ಡ್ರೈವಿಂಗ್ ಸ್ಕೂಲಿನ ಒಡತಿ ತಮ್ಮ ಬೀದಿ ಅಂದರು. ಔಷಧಿ ಅಂಗಡಿಯವರು ಮಿಲ್ಲಿನವರತ್ತ ಬೆರಳು ಮಾಡಿ, "ಆ ಮರದ ಕೊರಡಿಗೆ ಇಂಟರ್ನೆಟ್ ಕೊಟ್ಟು ಏನಾಗ್ಬೇಕು?" ಅಂದರು. ಕೊರಡು ಆಗ ಗೊರಕೆ ಹೊಡೆಯುತ್ತಿತ್ತು.

ಮೂರನೆಯದು ಮಾತಿನ ಸ್ವಾತಂತ್ರ್ಯ. ಊರಿನವರು ಯಾರೋ ತಮ್ಮ ಫೋನಿನ ಗುಂಪಿನಲ್ಲಿ ಸಭೆಯವರು ಬರೀ ನಿದ್ದೆ ಹೊಡೆಯುತ್ತಾರೆ ಎಂದು ಬರೆದಿದ್ದರು. ಅಷ್ಟಕ್ಕೇ ಇವರಿಗೆ ಪಿತ್ತ ನೆತ್ತಿಗೇರಿತ್ತು.

"ಮಾತಾಡೋ ಹಕ್ಕು ಬೇಡ ಅಂತಿಲ್ಲ, ಇರಲಿ" ಅಂದರು ಡ್ರೈವಿಂಗ್ ಸ್ಕೂಲಿನ ಒಡತಿ. "ಆದ್ರೆ ಅದು ಎಲ್ಲರಿಗೂ ಯಾಕೆ? ಸ್ಟೀರಿಂಗು ಎಲ್ಲರ ಕೈಗೂ ಕೊಡ್ತೀವಾ? ಕೇಬಲ್ ನಮ್ಮದು. ನಮ್ಮ ಕೇಬಲ್ಲಲ್ಲೇ ನಮ್ಮನ್ನ ಬೈಯೋದು ಯಾವ ನ್ಯಾಯ? ಬರೆಯೋರ ಪಟ್ಟಿ ಮಾಡಿ, ಕನೆಕ್ಷನ್ ಕಿತ್ತುಹಾಕಿ."

ಪಟ್ಟಿ ಮಾಡುವುದೆಂದು ಠರಾವಾಯಿತು. ಸಭಾಭವನದ ಮೆಟ್ಟಿಲ ಮೇಲೆ ಫಲಕ ಹಿಡಿದು ಯಾರೂ ಕೂರಬಾರದೆಂದೂ ಆಯಿತು. ಕೊನೆಗೆ ಅಧ್ಯಕ್ಷರಿಗೆ ಹುರುಪು ಬಂದು, ಇನ್ನು ಮುಂದೆ ಸಹಿಯಾದ ನಡವಳಿಯನ್ನು ಇಂಟರ್ನೆಟ್‌ಗೂ ಹಾಕಬೇಕು, ತಾವು ಎಷ್ಟು ದುಡಿಯುತ್ತೇವೆ ಅಂತ ಜಗತ್ತಿಗೆ ಗೊತ್ತಾಗಲಿ ಅಂದರು. ಅದಕ್ಕೂ ಹದಿಮೂರು ಕೈ ಎದ್ದವು. ಆ ಕೈಗಳಿಗೆ ಏಳುವುದೊಂದು ಚೆನ್ನಾಗಿ ಗೊತ್ತಿತ್ತು.

ಸಭೆ ಮುಗಿದ ಮೇಲೆ ನಡವಳಿಯಮ್ಮ ಅಧ್ಯಕ್ಷರ ಕೋಣೆಗೆ ಹೋದಳು. ಇಪ್ಪತ್ತಾರು ವರ್ಷದಲ್ಲಿ ಅದೇ ಮೊದಲು ತನಗಾಗಿ ಏನನ್ನಾದರೂ ಕೇಳಿದ್ದು.

"ಸಾರ್, ನನ್ನ ತಂಗಿ ಆ ಕೋಣೆಯಿಂದಲೇ ಬದುಕಿದ್ದಾಳೆ. ಇನ್ನೊಂದು ಸಲ ಯೋಚನೆ ಮಾಡ್ಬೋದಾ?"

"ಅಯ್ಯೋ, ನಿಮ್ಮ ತಂಗೀನಾ? ಪಾಪ, ಪಾಪ." ಅಧ್ಯಕ್ಷರು ಕೋಟಿನೊಳಗೆ ತೋಳು ತೂರಿಸುತ್ತಿದ್ದರು. "ಆದ್ರೆ ನೋಡಿ, ನೀವು ನೌಕರರು. ಠರಾವಿನ ಬಗ್ಗೆ ಮಾತಾಡೋ ಹಾಗಿಲ್ಲ. ನಿಯಮ ನಿಯಮಾನೇ ಅಲ್ವಾ? ಒಂದು ಕೆಲಸ ಮಾಡಿ. ಯಾವಾಗಲಿನ ಹಾಗೆ ಚೆನ್ನಾಗಿ ಬರೀರಿ. 'ಭಾರವಾದ ಹೃದಯದಿಂದ ಈ ತೀರ್ಮಾನ ಕೈಗೊಳ್ಳಲಾಯಿತು' ಅಂತ ಸೇರಿಸಿ. ಜನಕ್ಕೂ ಸಮಾಧಾನ, ನಿಮ್ಮ ತಂಗಿಗೂ ಸಮಾಧಾನ."

ಹೊರಗೆ ಬಂದವಳೇ ಆಕೆ ಮನಸ್ಸಿನಲ್ಲೇ ಉಗಿದಳು. ಥೂ ನಿನ್ನ! ಹೃದಯವಂತೆ, ಅದು ಭಾರವಂತೆ! ದುಃಖಕ್ಕಿಂತ ಅಸಹ್ಯವೇ ಹೆಚ್ಚಾಯಿತು.

ಮರುದಿನ ಬೆಳಿಗ್ಗೆ ಆಫೀಸಿಗೆ ಎಲ್ಲರಿಗಿಂತ ಮುಂಚೆ ಬಂದು, ಶೀಘ್ರಲಿಪಿಯ ಪುಸ್ತಕ ಬಿಚ್ಚಿಟ್ಟುಕೊಂಡು ಟೈಪು ಮಾಡಲು ಕೂತಳು. "ಮಾನ್ಯ ಸದಸ್ಯರು ವೈದ್ಯಕೀಯ ವೆಚ್ಚದ ಕುರಿತು" ಎಂದು ಬೆರಳು ತಾನಾಗಿಯೇ ಶುರು ಮಾಡಿತು. ಅಳಿಸಿದಳು. ಪುಸ್ತಕದಲ್ಲಿ ಏನಿತ್ತೋ ಅದನ್ನೇ ಹಾಕಿದಳು. ಒಂದು ಅಕ್ಷರ ಸೇರಿಸಲಿಲ್ಲ, ಒಂದು ಅಕ್ಷರ ಬಿಡಲಿಲ್ಲ. ಮರದ ಕೊರಡು ಇದ್ದಲ್ಲಿ ಮರದ ಕೊರಡು, ಗೊರಕೆ ಬಂದಲ್ಲಿ "ಇಲ್ಲಿ ಮಾನ್ಯ ಸದಸ್ಯರ ಗೊರಕೆ ಕೇಳಿಸಿತು." ಕೆಲಸ ಹೋದರೆ ಹೋಗಲಿ ಅಂದುಕೊಂಡಳು. ತಂಗಿಗೆ ಮಾತ್ರ ಏನೂ ಹೇಳಲಿಲ್ಲ, ಕೋಣೆ ಮುಚ್ಚುವ ಸುದ್ದಿಯನ್ನೂ ಹೇಳಲಿಲ್ಲ. ಆ ತಿಂಗಳ ಒಂದೊಂದು ಮಂಗಳವಾರವೂ ಒಂದೊಂದು ಶುಕ್ರವಾರವೂ ಅವಳನ್ನು ಆ ಮಂಚದ ಮೇಲೆ ನೋಡುವಾಗ ಆಕೆ ಉಳಿದ ದಿನಗಳನ್ನು ಎಣಿಸುತ್ತಿದ್ದಳು.

ಮುಂದಿನ ಸಭೆಯಲ್ಲಿ ಆಕೆ ಎದ್ದು ಓದತೊಡಗಿದಳು. ಯಥಾಪ್ರಕಾರ ಫೋನು, ಉಗುರು. "ವಾಸಿಯಾದ್ರೂ ಆಗ್ತಾರಾ? ಮತ್ತೆ ಮತ್ತೆ ಬರ್ತಾನೇ ಇರ್ತಾರೆ" ಎಂದಾಗಲೂ ಔಷಧಿ ಅಂಗಡಿಯವರಿಗೆ ಅದು ತಮ್ಮದೇ ಮಾತೆಂದು ಹೊಳೆಯಲಿಲ್ಲ. ಇಂಟರ್ನೆಟ್‌ನಲ್ಲಿ ರಕ್ತ ತೊಳೆಯುವ ಭಾಗ ಬಂದಾಗ ಯಾರೋ ಕಿಸಕ್ಕೆಂದರು. "ಯಾವ ಬುದ್ಧಿವಂತ ಹೀಗಂದಿದ್ದು?" ಎಂದು ಮಿಲ್ಲಿನವರು ತಾವೇ ಕೇಳಿದರು.

"ತಾವೇ ಸಾರ್" ಅಂದಳು ನಡವಳಿಯಮ್ಮ.

ಫೋನುಗಳೆಲ್ಲ ಒಮ್ಮೆಗೇ ಕೆಳಗಿಳಿದವು. ಆಕೆ ನಿಲ್ಲಿಸಲಿಲ್ಲ. ಗೊರಕೆ ಬಂತು, ಕೊರಡು ಬಂತು, ಸ್ಟೀರಿಂಗು ಬಂತು. ಬೇರೆಯವರದ್ದು ಬಂದಾಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದವರು ತಮ್ಮದು ಬಂದಾಗ ಮುಖ ಹಿಂಡಿಕೊಂಡರು. "ಸಾಯೋರು ಹೇಗೂ ಸಾಯ್ತಾರೆ" ಎಂಬುದನ್ನು ಆಕೆ ನಿಧಾನವಾಗಿ, ಸ್ಪಷ್ಟವಾಗಿ ಓದಿದಳು. ಅಧ್ಯಕ್ಷರ ಕಿವಿ ಕೆಂಪಾಯಿತು.

"ಏನ್ರೀ ಇದು? ನಾನು ಹೀಗೆ ಅಂದೇ ಇಲ್ಲ!"

"ಪುಸ್ತಕದಲ್ಲಿದೆ ಸಾರ್. ಬೇಕಾದ್ರೆ ಶೀಘ್ರಲಿಪಿ ಗೊತ್ತಿರೋರನ್ನ ಕರೆಸಿ ಓದಿಸಿ. ಆಕ್ಷೇಪಣೆ ಇದ್ರೆ ಹೇಳಿ, ಬರ್ಕೋತೀನಿ. ಇಲ್ಲಾಂದ್ರೆ ಸಹಿ ಹಾಕಿ, ಸಂಜೆಗೆ ಇಂಟರ್ನೆಟ್‌ಗೆ ಹೋಗತ್ತೆ. ತಮ್ಮದೇ ಠರಾವು."

ಆಹಾ, ಆಮೇಲೆ ನಡೆಯಿತು ನೋಡಿ ಆರೋಗ್ಯಕರ ಚರ್ಚೆ! ಮಿಲ್ಲಿನವರು ತಮ್ಮ ಗೊರಕೆ ತೆಗೆಯಿರಿ, ಆದರೆ ತಮ್ಮನ್ನು ಕೊರಡು ಅಂದದ್ದು ಇರಲಿ, ಅಂದವನ ಯೋಗ್ಯತೆ ಊರಿಗೆ ಗೊತ್ತಾಗಲಿ ಅಂದರು. ಔಷಧಿ ಅಂಗಡಿಯವರು ಕೊರಡು ತೆಗೆಯಿರಿ, ಗೊರಕೆ ಇರಲಿ ಅಂದರು. ಡ್ರೈವಿಂಗ್ ಸ್ಕೂಲಿನ ಒಡತಿಗೆ ತಮ್ಮದೊಂದು ಬಿಟ್ಟು ಎಲ್ಲರದ್ದೂ ಇರಬೇಕಿತ್ತು. ಬೈದವರ ಪಟ್ಟಿ ಮಾಡಲು ಹೊರಟಿದ್ದ ಮಹಾನುಭಾವರು ಆ ಮಧ್ಯಾಹ್ನ ಒಬ್ಬರನ್ನೊಬ್ಬರು ಬೈದದ್ದನ್ನು ಬರೆದು ಬರೆದು ಆಕೆಯ ಎರಡು ಪೆನ್ಸಿಲ್ ಮೊಂಡಾದವು. ಅದನ್ನೂ ಬರೆಯುತ್ತಿದ್ದಾಳೆಂದು ಯಾರಿಗೋ ಹೊಳೆದಾಗ ಸಭೆ ಗಪ್‌ಚುಪ್ಪಾಯಿತು.

ಕೊನೆಗೆ ಅಧ್ಯಕ್ಷರು ದಾರಿ ಕಂಡುಹಿಡಿದರು. ಅಂಥ ದಾರಿ ಅವರಿಗೇ ಹೊಳೆಯಬೇಕು. "ಹೋದ ತಿಂಗಳ ಸಭೆ ನಡೆದೇ ಇಲ್ಲ ಅಂತ ಠರಾವು ಮಾಡೋಣ" ಅಂದರು.

ಹದಿಮೂರು ಕೈಗಳೂ ಇಷ್ಟು ವೇಗವಾಗಿ ಎಂದೂ ಎದ್ದಿರಲಿಲ್ಲ. ನಡೆಯದ ಸಭೆಯಲ್ಲಿ ಮುಚ್ಚಿದ ಕೋಣೆ ತೆರೆದೇ ಉಳಿಯಿತು. ಕೇಬಲ್ಲೂ ಹೋಯಿತು, ಪಟ್ಟಿಯೂ ಹೋಯಿತು. ಅವನ್ನು ಮತ್ತೆ ಎತ್ತುವ ಧೈರ್ಯ ಆ ಮೂಲೆಯಲ್ಲಿ ಈಕೆ ಪೆನ್ಸಿಲ್ ಹಿಡಿದು ಕೂತಿರುವ ತನಕ ಅವರಿಗಿರಲಿಲ್ಲ. ಕೆಲಸದಿಂದ ತೆಗೆಯೋಣವೆಂದರೆ ಕಾರಣವನ್ನು ನಡವಳಿಯಲ್ಲಿ ಬರೆಯಬೇಕಲ್ಲ!

ಮಂಗಳವಾರ ಡಯಾಲಿಸಿಸ್ ಕೋಣೆಯಲ್ಲಿ ತಂಗಿಯ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತು ಮೊದಲಿನಿಂದ ಕೊನೆಯ ತನಕ ಎಲ್ಲವನ್ನೂ ಹೇಳಿದಳು, ಒಬ್ಬೊಬ್ಬರ ದನಿಯನ್ನೂ ಅಣಕಿಸಿ ಹೇಳಿದಳು. ತಂಗಿ ನಕ್ಕು ನಕ್ಕು ಟ್ಯೂಬು ಅಲ್ಲಾಡಿ, ಮೆಷಿನ್ನು ಕೂಗಿಕೊಂಡು, ನರ್ಸ್ ಓಡಿ ಬಂದು ಇಬ್ಬರಿಗೂ ಬೈದು ಹೋದಳು.

"ಅಕ್ಕಾ, ನೀನು ಇಷ್ಟು ಪಾಕಡಾ ಅಂತ ಗೊತ್ತೇ ಇರ್ಲಿಲ್ಲ ಕಣೇ!"

ಪಕ್ಕದ ಮೆಷಿನ್ನಿನಲ್ಲಿ ಮಲಗಿದ್ದವರೂ ನಗುತ್ತಿದ್ದರು. ಬಸ್ ಓಡಿಸಿ ನಿವೃತ್ತರಾದವರು, ಮೆತ್ತಗಿನ ಮನುಷ್ಯ. ನಗು ನಿಂತ ಮೇಲೆ ಕೇಳಿದರು.

"ತಾಯೀ, ಆ ಬೋರ್ಡಿಗೆ ಹಾಕೋದನ್ನ ಬರೆಯೋರು ಯಾವಾಗಲೂ ನೀವೇನಾ?"

"ನಾನೇ" ಅಂದಳು ನಡವಳಿಯಮ್ಮ. ದನಿಯಲ್ಲಿ ಹೆಮ್ಮೆ ಇತ್ತು.

"ಹನ್ನೆರಡು ವರ್ಷ ಆಯ್ತು, ಇಲ್ಲಿ ಹೆರಿಗೆ ವಾರ್ಡು ಮುಚ್ಚಿದ್ರಲ್ಲ. ಆಗ ನನ್ನ ಮಗಳು ಏಳು ತಿಂಗಳ ಬಸುರಿ. ನಾವು ಇಪ್ಪತ್ತು ಮೂವತ್ತು ಜನ ಜಗಳ ಮಾಡಬೇಕು ಅಂತಾನೇ ಸಭೆ ಹತ್ರ ಹೋಗಿದ್ವಿ. ಬೋರ್ಡಿನ ಮುಂದೆ ನಿಂತು ಓದಿದ್ವಿ. ಎಷ್ಟು ಚೆನ್ನಾಗಿ ಬರೆದಿತ್ತು! ತಾಯಿ ಮಗುವಿನ ಹಿತಕ್ಕೆ ಅಂತ, ಎಲ್ಲಾ ಕಡೆಯಿಂದ ಪರಿಶೀಲಿಸಿ ಅಂತ. ಇಷ್ಟು ತಿಳಿದೋರು ಯೋಚನೆ ಮಾಡಿದ್ದಾರೆ ಅಂದ್ಮೇಲೆ ಸರಿಯಾಗೇ ಇರಬೇಕು ಅಂದ್ಕೊಂಡು ವಾಪಸ್ ಬಂದ್ವಿ."

ಅವರು ತೋಳಿನ ಸೂಜಿ ಅಲುಗದ ಹಾಗೆ ನಿಧಾನವಾಗಿ ಈಚೆಗೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ಹೆರಿಗೆ ನೋವು ಬಂದಾಗ ದೊಡ್ಡಾಸ್ಪತ್ರೆ ದಾರೀಲೇ ಮಗಳು ಹೋಗಿಬಿಟ್ಟಳು. ಬಸ್ಸು ನಾನೇ ಓಡಿಸ್ತಿದ್ದೆ. ಅವತ್ತು ಅವರು ನಿಜವಾಗ್ಲೂ ಏನಂದಿದ್ರು ತಾಯೀ?"

ತಂಗಿಯ ನಗು ನಿಂತಿತ್ತು. ಅಕ್ಕನ ಮುಖವನ್ನೇ ನೋಡುತ್ತಿದ್ದಳು. ನಡವಳಿಯಮ್ಮನಿಗೆ ಆ ದಿನದ ಮಾತು ಒಂದೂ ನೆನಪಿರಲಿಲ್ಲ. ನೆನಪಿದ್ದದ್ದು ತಾನು ಬರೆದ ವಾಕ್ಯ ಮಾತ್ರ, ಅದು ಒಂದಕ್ಷರ ತಪ್ಪದೆ ಬಾಯಿಗೆ ಬಂತು.